ನಮ್ಮ ಬೆಚ್ಚ, ಅವರ ಬೆಚ್ಚ

ಡೊಂಬಿವಲಿ
8 ಜನವರಿ 2025

ಪ್ರೀತಿಯ ಗಂಗಾ,

‘ಇಲ್ಲಿ ಎಲ್ಲರೂ ಕ್ಷೇಮ’ ಅಂತ ಬರೆಯಲು ಪೆನ್ನು ತಾನಾಗಿಯೇ ಹೊರಟಿತು. ಹಿಡಿದು ನಿಲ್ಲಿಸಿದೆ. ಉಪ್ಪಳದ ಶಾಲೆಯಲ್ಲಿ ಪತ್ರಲೇಖನ ಅಂತ ಕಲಿಸಿದ್ದು ಅದೊಂದೇ ಸಾಲು. ಒಂದೇ ಬೆಂಚಿನಲ್ಲಿ ಕೂತು ನಾವಿಬ್ಬರೂ ಅದನ್ನೇ ಕಲಿತದ್ದು. ಆಮೇಲೆ ನಾನು ನಿನ್ನ ಅಣ್ಣನನ್ನು ಮದುವೆಯಾಗಿ ನಿನಗೆ ಅತ್ತಿಗೆಯಾದೆ. ಊರವರ ಎದುರು ‘ನೀವು’, ಬೀಡಿ ಕಟ್ಟಲು ಕೂತರೆ ‘ನೀನು’. ಕಾಗದದಲ್ಲೂ ‘ನೀನು’ ಅಂತಲೇ ಬರೆ, ಇಲ್ಲದಿದ್ದರೆ ನಾನು ಓದುವುದಿಲ್ಲ.

ಫೋನು ಇರುವಾಗ ಈ ಕಾಗದ ಯಾಕೆ ಅಂತ ನೀನು ಕೇಳುತ್ತಿ. ಮಗಳು ಮೋಕ್ಷಿತಾಳ ಮನೆ ಅಂದರೆ ಒಂದು ಕೋಣೆ, ಒಂದು ಅಡಿಗೆಮನೆ. ನಾನು ಮಾತಾಡುವಾಗ ಅಳಿಯ ವಿಜೇತ್ ಪಾಪ, ಟಿ.ವಿ.ಯ ಸದ್ದು ಸಣ್ಣ ಮಾಡಿ ಗೋಡೆ ನೋಡುತ್ತಾನೆ. ನಿನ್ನ ಕಡೆ ನಿನ್ನ ಮಗ ಅಶ್ವಿತ್ ಸ್ಪೀಕರ್ ಹಾಕುತ್ತಾನೆ. ಗರ್ಭಕೋಶದ ಬಾಯಿಯ ಸುದ್ದಿಯನ್ನು ಅಳಿಯ, ಮಗ ಎಲ್ಲರಿಗೂ ಕೇಳುವ ಹಾಗೆ ಹೇಗೆ ಹೇಳುವುದು ಮಾರಾಯ್ತಿ? ಫೋನಿನಲ್ಲಿ ನನ್ನ ಬಾಯಿಂದ ಬರುವುದು ‘ಎಂತ ಇಲ್ಲ’ ಅಂತ ಮಾತ್ರ. ಕಾಗದದಲ್ಲಾದರೆ ಸುಳ್ಳು ಬರೆಯಲು ಕೈ ನೋಯುತ್ತದೆ.

ಈಗ ಕೇಳು. ಮಂಗಳೂರಿನ ಡಾಕ್ಟರು ಹೇಳಿದ್ದು ಸರಿಯೇ. ಮೂರನೇ ಹಂತ. ಗಡ್ಡೆ ಪಕ್ಕಕ್ಕೆ ಬೆಳೆದು ಒಂದು ಕಿಡ್ನಿಯ ನಾಳವನ್ನು ಒತ್ತಿಬಿಟ್ಟಿದೆ, ಆಪರೇಷನ್ ಮಾಡಿ ತೆಗೆಯಲು ಆಗುವುದಿಲ್ಲ. ಕರೆಂಟು ಕೊಡುತ್ತಾರೆ, ಅದೇ ರೇಡಿಯೇಷನ್, ಇಪ್ಪತ್ತೈದು ದಿನ. ಅದರ ಜೊತೆ ಎಲ್ಲರಿಗೂ ಕೊಡುವ ಕೀಮೋ ಮದ್ದು ನನ್ನ ಕಿಡ್ನಿಗೆ ತಡೆಯುವುದಿಲ್ಲವಂತೆ. ಬರೇ ಕರೆಂಟಿಗೆ ಈ ಗಡ್ಡೆ ಬಗ್ಗುವುದು ಕಷ್ಟ ಅಂತ ಇಲ್ಲಿಯ ಡಾಕ್ಟರಮ್ಮ ನನ್ನ ಮುಖ ನೋಡಿಯೇ ಹೇಳಿದರು. ಅವರಲ್ಲಿ ಇನ್ನೊಂದು ದಾರಿ ಉಂಟು. ವಾರಕ್ಕೊಮ್ಮೆ, ಒಟ್ಟು ಐದು ಸಲ, ಒಂದು ಮಿಷನ್ನಿನಲ್ಲಿ ಮಲಗಿಸಿ ಹೊಟ್ಟೆಯ ಕೆಳಗೆ ಬಿಸಿ ಕೊಡುತ್ತಾರೆ. ಮೇಲಿನ ಶಾಖ ಅಲ್ಲ, ಒಳಗಿನ ಗಡ್ಡೆಯೇ ಬಿಸಿಯಾಗಬೇಕು. ಬಿಸಿ ಮತ್ತು ಕರೆಂಟು ಎರಡೂ ಸೇರಿದರೆ ಗುಣ ಆಗುವ ಸಾಧ್ಯತೆ ಜಾಸ್ತಿ ಅಂದರು. ಖಂಡಿತ ಅನ್ನಲಿಲ್ಲ. ನಾನು ಹೂಂ ಅಂದೆ.

ಬಿಳಿ ಕೋಳಿ ಮೊಟ್ಟೆ ಇಡುವುದು ಸೌದೆ ಕೊಟ್ಟಿಗೆಯ ಹಿಂದೆ. ನಿನ್ನ ಅಣ್ಣನಿಗೆ ಹೇಳಬೇಡ, ಹುಡುಕಿ ಹುಡುಕಿ ಸಾಯಲಿ. ಅವರಿಗೆ ಸ್ವಲ್ಪ ಕೆಲಸ ಬೇಕು.

ನಿನ್ನ
ಲೋಲಾಕ್ಷಿ


ಬಂದ್ಯೋಡು
16 ಜನವರಿ 2025

ಪ್ರೀತಿಯ ಅತ್ತಿಗೆ,

ಪೋಸ್ಟಿನ ಕುಂಞ ನಿನ್ನ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. ‘ಗಂಗಕ್ಕಾ, ಬ್ಯಾಂಕಿನದ್ದಲ್ಲ, ಆಧಾರ್ ಅಲ್ಲ, ಕೈಯಲ್ಲಿ ಬರೆದದ್ದು!’ ಅಂತ ಗೇಟಿನಿಂದಲೇ ಕೂಗಿದ. ಆ ಸಂಭ್ರಮಕ್ಕೆ ಒಂದು ಲೋಟ ಚಾ ಕೊಟ್ಟೆ. ಇನ್ನು ಪ್ರತಿ ಕಾಗದಕ್ಕೂ ಕೊಡಬೇಕಾಗುತ್ತದೋ ಏನೋ.

ಕಾಗದ ಓದಿದೆ. ಅತ್ತಿಗೆ, ನಿನಗೆ ಬುದ್ಧಿ ಉಂಟಾ? ನಿನ್ನ ಸೀಕು ಬಂದದ್ದೇ ಉಷ್ಣದಿಂದ. ದಿನವಿಡೀ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ ಕಟ್ಟಿ ಸೊಂಟದ ಕೆಳಗೆ ಉಷ್ಣ ಏರಿ ರಕ್ತ ಹೋದದ್ದು. ಈಗ ಅದಕ್ಕೆ ಬಿಸಿ ಕೊಡುತ್ತಾರೆ ಅಂದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ ಆಗಲಿಲ್ಲವಾ? ದೊಡ್ಡ ದೊಡ್ಡ ಮಿಷನ್ ತಂದಿಟ್ಟವರಿಗೆ ಅದನ್ನು ಯಾರ ಮೇಲಾದರೂ ಓಡಿಸಬೇಕು, ನೀನು ಸಿಕ್ಕಿದೆ. ಬೇಡ ಅನ್ನು. ಬರೇ ಕರೆಂಟು ಸಾಕು ಅನ್ನು.

ಮೊಗ್ರಾಲಿನ ಪ್ರವೀತ್ ನಾಡಿದ್ದು ನೇತ್ರಾವತಿ ರೈಲಿನಲ್ಲಿ ಮುಂಬೈಗೆ ಹೋಗುತ್ತಾನೆ. ಅವನ ಕೈಯಲ್ಲಿ ಎರಡು ಬಾಟ್ಲಿ ಪುನರ್ಪುಳಿ ಶರಬತ್ತು, ಒಂದು ಕಟ್ಟು ಲಾವಂಚದ ಬೇರು, ಒಂದು ಸೇರು ರಾಗಿ ಕಳಿಸುತ್ತಿದ್ದೇನೆ. ವಿಜೇತ್ ಪನ್ವೇಲಿನಲ್ಲಿ ಇಳಿಸಿಕೊಳ್ಳಲಿ. ಬೇರನ್ನು ಕುಡಿಯುವ ನೀರಿಗೆ ಹಾಕು. ಪುನರ್ಪುಳಿ ದಿನಕ್ಕೆರಡು ಲೋಟ. ನನಗೂ ಆಗಾಗ ಸ್ವಲ್ಪ ಉಷ್ಣ ಆಗುತ್ತದೆ, ನಾನೂ ಅದನ್ನೇ ಕುಡಿಯುವುದು, ಎಂತ ಆಗಿದೆ ನನಗೆ?

ಆ ದಿನ ಬಾವಿಕಟ್ಟೆಯಲ್ಲಿ ನೀನು ನನ್ನ ಹತ್ತಿರ ಹೇಳಿದಾಗಲೇ ಇನ್ನೂ ಸರಿಯಾಗಿ ತಂಪು ಮಾಡಿದ್ದರೆ

ಇರಲಿ ಬಿಡು. ಅದನ್ನು ಈಗ ಬರೆದು ಪ್ರಯೋಜನ ಇಲ್ಲ.

ಅಣ್ಣ ನಿನ್ನೆ ತಾವೇ ಗಂಜಿ ಬೇಯಿಸುತ್ತೇನೆ ಅಂತ ಹೊರಟರು. ಅಡಿ ಹಿಡಿದ ಪಾತ್ರೆಯನ್ನು ನಾನು ನೋಡಬಾರದು ಅಂತ ಬಾಳೆಬುಡದಲ್ಲಿ ಅಡಗಿಸಿಟ್ಟಿದ್ದರು. ಮೊಟ್ಟೆ ಇನ್ನೂ ಸಿಕ್ಕಿಲ್ಲ. ಕೋಳಿ ಮುದಿಯಾಯಿತು ಅಂತ ಊರಿಡೀ ಹೇಳಿಕೊಂಡು ತಿರುಗುತ್ತಿದ್ದಾರೆ.

ನನ್ನ ಮಾತು ಕೇಳು. ನನಗೆ ನೀನು ಬೇಕು.

ಗಂಗಾ


ಡೊಂಬಿವಲಿ
24 ಜನವರಿ 2025

ಗಂಗಾ,

ಪುನರ್ಪುಳಿ ಬಂತು. ಒಂದು ಬಾಟ್ಲಿಯ ಮುಚ್ಚಳ ಸಡಿಲಾಗಿ ಪ್ರವೀತನ ಬಿಳಿ ಅಂಗಿ ಕೆಂಪಾಗಿದೆ. ರೈಲಿನಲ್ಲಿ ಯಾರೋ ‘ಗಾಯವಾ ಅಣ್ಣಾ’ ಅಂತ ಕೇಳಿದರಂತೆ. ಉಳಿದದ್ದನ್ನು ದಿನಾ ಕುಡಿಯುತ್ತೇನೆ. ಡಾಕ್ಟರಮ್ಮನ ಹತ್ತಿರ ಕೇಳಿಯೇ ಕುಡಿಯುವುದು, ಒಂದು ಲೋಟ ಅಡ್ಡಿಯಿಲ್ಲ ಅಂದರು.

ಆದರೆ ನಿನ್ನ ಮಾತು ಕೇಳಲಿಲ್ಲ. ಎರಡು ಸಲ ಬಿಸಿ ಕೊಟ್ಟಾಯಿತು. ಸಿಟ್ಟು ಮಾಡಬೇಡ, ನಿನ್ನ ಪ್ರಶ್ನೆಯನ್ನು ಮೋಕ್ಷಿತಾಳ ಬಾಯಲ್ಲಿ ಡಾಕ್ಟರಮ್ಮನಿಗೆ ಹಾಗೆಯೇ ಕೇಳಿಸಿದೆ. ಉಷ್ಣದ ಸೀಕಿಗೆ ಉಷ್ಣವೇ ಮದ್ದಾ ಅಂತ. ಅವರು ನಗಲಿಲ್ಲ. ಈ ಸೀಕು ಉಷ್ಣದಿಂದ ಬರುವುದೇ ಅಲ್ಲವಂತೆ ಗಂಗಾ. ಒಂದು ವೈರಸ್ಸಿನಿಂದ ಬರುವುದು, ವರ್ಷಗಟ್ಟಲೆ ಸುಮ್ಮನೆ ಕೂತಿದ್ದು ಆಮೇಲೆ ಏಳುವುದು. ಕರೆಂಟು ಕೊಟ್ಟಾಗ ಗಡ್ಡೆಗೆ ಪೆಟ್ಟು ಬೀಳುತ್ತದೆ, ಆದರೆ ಅದು ಕಿಲಾಡಿ, ಪೆಟ್ಟಾದಲ್ಲೆಲ್ಲ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಅದೇ ಹೊತ್ತಿಗೆ ಒಳಗೆ ನಲ್ವತ್ತೆರಡು ಡಿಗ್ರಿ ಬಿಸಿ ಇದ್ದರೆ ಅದಕ್ಕೆ ರಿಪೇರಿ ಮಾಡಲು ಆಗುವುದಿಲ್ಲ. ನನಗೆ ಬೀಡಿ ಎಲೆಯ ನೆನಪಾಯಿತು. ನೆನೆಸದ ಎಲೆಗೆ ಕತ್ತರಿ ಹಾಕಿದರೆ ಎಂತ ಆಗುತ್ತದೆ? ಮೊದಲು ಹದ ಮಾಡಬೇಕು, ಆಮೇಲೆ ಕತ್ತರಿ. ಅಲ್ಲದೆ ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು ಅಂತ ನಿನ್ನ ಅಮ್ಮ ಹೇಳುತ್ತಿದ್ದದ್ದು ಮರೆತೆಯಾ?

ಆ ಮಿಷನ್ ಹೇಗೆ ಅಂದರೆ, ಜೋಲಿಯಂತಹ ಮಂಚ. ಸೊಂಟದ ಸುತ್ತ ದೊಡ್ಡ ಬಳೆ, ಅದಕ್ಕೂ ನನಗೂ ನಡುವೆ ನೀರು ತುಂಬಿದ ಚೀಲ. ಕಾಞಂಗಾಡಿನ ತೃಷಾ ಅಂತ ಒಬ್ಬಳು ಮಲಯಾಳಿ ನರ್ಸ್ ಇದ್ದಾಳೆ. ಎಲ್ಲೆಲ್ಲಿ ಆಗಬಾರದೋ ಅಲ್ಲೆಲ್ಲ ನೂಲಿನಂತಹ ಥರ್ಮಾಮೀಟರ್ ಇಡುತ್ತಾಳೆ. ಆ ಹೊತ್ತಿಗೆ ನಾನು ಕಣ್ಣು ಮುಚ್ಚಿ ನಮ್ಮ ಮನೆಯಿಂದ ಬಂದ್ಯೋಡು ಪೇಟೆಯವರೆಗೆ ದಾರಿಯಲ್ಲಿ ಸಿಗುವ ಮನೆಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತೇನೆ. ಒಂದು ಗಂಟೆ ಅಲ್ಲಾಡಬಾರದು. ಬೆವರು ಹರಿಯುತ್ತದೆ ಮಾರಾಯ್ತಿ, ಮೇ ತಿಂಗಳಲ್ಲಿ ಹಂಚಿನ ಅಟ್ಟ ಹತ್ತಿದ ಹಾಗೆ.

ಮಿಷನ್ ನೋಡಿಕೊಳ್ಳುವವರು ಮಡಿವಾಳಪ್ಪ ಅಂತ, ಧಾರವಾಡದ ಕಡೆಯವರು, ನಮ್ಮ ಪ್ರಾಯದವರೇ. ಗೋಡೆಯ ಆಚೆ ಕೂತು ಮೈಕಿನಲ್ಲಿ ಮಾತಾಡುವುದು. ಇಡೀ ಆಸ್ಪತ್ರೆಯಲ್ಲಿ ನನಗೆ ನೇರವಾಗಿ ಕನ್ನಡದಲ್ಲಿ ಮಾತಾಡಲು ಸಿಕ್ಕಿದ ಒಬ್ಬರೇ ಮನುಷ್ಯ. ‘ಹ್ಯಾಂಗ್ ಅನಸ್ತೈತ್ರಿ ಅವ್ವಾರ?’ ಅಂತ ಹತ್ತು ಹತ್ತು ನಿಮಿಷಕ್ಕೆ ಕೇಳುತ್ತಾರೆ. ನಾನು ‘ಬೆಚ್ಚ ಉಂಟು’ ಅಂದೆ. ‘ಛಲೋ ಆತ್ ಬಿಡ್ರಿ, ಬೆಚ್ಚಗಿರಬೇಕ್ರಿ’ ಅಂದರು. ಖುಷಿಯ ಮನುಷ್ಯ. ಬೆಚ್ಚ ಆದಷ್ಟೂ ಒಳ್ಳೆಯದು ಅಂತ ಕಾಣುತ್ತದೆ. ನಾನೂ ಸಹಿಸಿಕೊಂಡೆ. ಎರಡು ಹೆತ್ತವಳಿಗೆ ಇದೆಲ್ಲ ಎಂತ?

ನಿನ್ನ ಅಣ್ಣನಿಗೆ ಮೊಟ್ಟೆಯ ಜಾಗ ಹೇಳು, ಪಾಪ. ಕೋಳಿಯ ಮಾನ ಹೋಗುವುದು ಬೇಡ.

ಲೋಲಾಕ್ಷಿ


ಬಂದ್ಯೋಡು
2 ಫೆಬ್ರವರಿ 2025

ಅತ್ತಿಗೆ,

ಈ ಕಾಗದ ನೋಡಿದ ಕೂಡಲೇ ಮಡಿವಾಳಪ್ಪನವರಿಗೆ ತೋರಿಸು. ಬೇರೆ ಎಲ್ಲ ಆಮೇಲೆ ಓದು.

ನಿನ್ನ ಕಾಗದವನ್ನು ಮೊದಲ ಸಲ ಓದಿ ನಕ್ಕೆ. ಎರಡನೇ ಸಲ ಓದುವಾಗ ಒಂದು ಕಡೆ ನಿಂತುಬಿಟ್ಟೆ. ನೀನು ‘ಬೆಚ್ಚ’ ಅಂದದ್ದು ಯಾವ ಬೆಚ್ಚ? ನಮ್ಮ ಬೆಚ್ಚವಾ, ಅವರ ಬೆಚ್ಚವಾ? ನಮ್ಮ ತುಳುವಿನಲ್ಲಿ ಬೆಚ್ಚ ಅಂದರೆ ಕೈ ಇಟ್ಟರೆ ಹಿಂದೆ ತೆಗೆಯುವಂತಹ ಬಿಸಿ. ಕೊತ ಕೊತ ಕುದಿಯುವ ಸಾರಿಗೂ ಬೆಚ್ಚ. ಘಟ್ಟದ ಮೇಲಿನವರ ಕನ್ನಡದಲ್ಲಿ ಬೆಚ್ಚಗೆ ಅಂದರೆ ಹಿತ, ಚಳಿಗೆ ಮಗುವಿಗೆ ಹೊದೆಸಿದ ಹಾಗೆ. ನೀನು ಬಿಸಿ ತಡೆಯುವುದಿಲ್ಲ ಅಂತ ಹೇಳಿದ್ದು ಅವರಿಗೆ ಹಾಯಾಗಿ ಉಂಟು ಅಂತ ಕೇಳಿದೆ! ಅದಕ್ಕೇ ಅವರು ಛಲೋ ಅಂದದ್ದು. ನೀನು ಹಲ್ಲು ಕಚ್ಚಿ ಮಲಗಿದ್ದು.

ನಾನು ಸುಮ್ಮನೆ ಕೂರಲಿಲ್ಲ. ಕೂಡಲೇ ಮೋಕ್ಷಿತಾಳಿಗೆ ಫೋನು ಮಾಡಿದೆ. ನಾನು ವಿಷಯ ತೆಗೆಯುವ ಮೊದಲೇ ಅವಳು ನಿನ್ನ ಕೈಗೆ ಕೊಟ್ಟಳು. ನೀನು ಹೇಳಿದ್ದು ಎಂತ? ‘ಎಂತ ಇಲ್ಲ ಗಂಗಾ, ಎಲ್ಲ ಸರಿ ಉಂಟು, ನೀನು ಹುಷಾರಾ?’ ಹಿಂದೆ ಕುಕ್ಕರಿನ ವಿಸಿಲು. ನಾನು ಬೆಚ್ಚದ ಸುದ್ದಿ ತೆಗೆದೆ. ನೀನು ಅಣ್ಣನ ಕೆಮ್ಮಿನ ಸುದ್ದಿ ತೆಗೆದು ಫೋನು ಇಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದ ಮುಟ್ಟಲು ಆರು ದಿನ ಬೇಕು. ಆ ಆರು ದಿನ ನಾನು ಹೇಗೆ ಕಳೆಯುವುದೋ.

ಬಿಸಿಯ ಮೇಲೆ ನನಗೆ ಈಗಲೂ ಪೂರ್ತಿ ನಂಬಿಕೆ ಬಂದಿಲ್ಲ. ಆದರೆ ಕೊಡುವುದಾದರೆ ಎಷ್ಟು ಬೇಕೋ ಅಷ್ಟೇ ಕೊಡಲಿ. ನೀನು ಅತ್ತೆಮನೆಯ ಪಾತ್ರೆ ಬರಿಗೈಯಲ್ಲಿ ಇಳಿಸಿ ಹೆಸರು ತೆಗೆದವಳು. ಆ ಹೆಸರು ಅಲ್ಲಿ ಬೇಡ.

ಗಂಗಾ


ಡೊಂಬಿವಲಿ
4 ಫೆಬ್ರವರಿ 2025

ಪ್ರೀತಿಯ ಗಂಗಾ,

ಇಲ್ಲಿ ಎಲ್ಲರೂ ಕ್ಷೇಮ. ಈ ವಾರ ಬಿಸಿ ಇಲ್ಲ, ಮಿಷನ್ ಹಾಳಾಗಿದೆಯಂತೆ. ಕರೆಂಟು ಮಾತ್ರ ದಿನಾ ಉಂಟು. ಇಲ್ಲಿಯ ಬಂಗುಡೆಗೆ ರುಚಿ ಇಲ್ಲ. ನಿನ್ನ ಅಣ್ಣನ ಕೆಮ್ಮು ಹೇಗಿದೆ? ಎಲ್ಲರಿಗೂ ನೆನಪು ಹೇಳು.

ಲೋಲಾಕ್ಷಿ


ಬಂದ್ಯೋಡು
11 ಫೆಬ್ರವರಿ 2025

ಅತ್ತಿಗೆ,

ಮಿಷನ್ ಹಾಳಾದರೆ ನಿನ್ನ ಅಕ್ಷರ ಯಾಕೆ ಓರೆಯಾಗಿದೆ?

ನಲ್ವತ್ತು ವರ್ಷದಿಂದ ನೋಡುತ್ತಿದ್ದೇನೆ ನಿನ್ನ ಅಕ್ಷರ. ಸಾಲು ಎಲ್ಲ ಬಲಕ್ಕೆ ಜಾರಿದೆ. ಕೂತು ಬರೆದದ್ದಲ್ಲ, ಒಂದು ಮಗ್ಗುಲಲ್ಲಿ ಮಲಗಿ ಬರೆದದ್ದು. ‘ಇಲ್ಲಿ ಎಲ್ಲರೂ ಕ್ಷೇಮ’ ಅಂತ ಶುರು ಮಾಡಿದಾಗಲೇ ನನಗೆ ಗೊತ್ತಾಯಿತು. ಎಂತ ಆಗಿದೆ, ಹೇಳು.

ನೀನು ಹೇಳಬೇಕಾದರೆ ನಾನೂ ಹೇಳಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಒಂದು ವರ್ಷದಿಂದ ಹೆಗಲು ಮುಟ್ಟಿಕೊಂಡೇ ಬದುಕಿದ್ದೇನೆ. ಕಳೆದ ವರ್ಷ ಶಿವರಾತ್ರಿಯ ಮರುದಿನ ನೀನು ಬಾವಿಕಟ್ಟೆಯಲ್ಲಿ ಕೊಡಪಾನ ಇಳಿಸಿ, ‘ನಿಂತು ಐದು ವರ್ಷ ಆದದ್ದು ಈಗ ಮತ್ತೆ ಎರಡು ಸಲ ಕಂಡಿತು ಗಂಗಾ’ ಅಂದೆ. ನಾನು ‘ಉಷ್ಣ ಅತ್ತಿಗೆ, ಎಳನೀರು ಕುಡಿ’ ಅಂದೆ. ಅಷ್ಟೇ ಆಗಿದ್ದರೆ ತಿಳಿಯದೆ ಹೇಳಿದ್ದು ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮುಂದಿನ ವಾರ ಆಶಾ ವರ್ಕರ್ ಬಂದಿದ್ದಳು, ಪಂಚಾಯತಿನಲ್ಲಿ ಹೆಂಗಸರ ಕ್ಯಾಂಪ್, ಗರ್ಭಕೋಶದ ಪರೀಕ್ಷೆ ಉಂಟು ಅಂತ. ನೀನು ಉಪ್ಪಳಕ್ಕೆ ಹೋಗಿದ್ದೆ. ಪಟ್ಟಿಯಲ್ಲಿ ನಿನ್ನ ಹೆಸರೂ ನನ್ನ ಹೆಸರೂ ಇತ್ತು. ನಾನು ಎರಡಕ್ಕೂ ಗೀಟು ಹಾಕಿಸಿದೆ. ‘ನಮಗೆ ಎಂತ ಇಲ್ಲ’ ಅಂದೆ. ಕಾಲು ಅಗಲಿಸಿ ಮಲಗುವ ನಾಚಿಕೆ ನಿನಗೆ ಬೇಡ, ನನಗೂ ಬೇಡ ಅಂತ. ನಿನ್ನ ಹತ್ತಿರ ಕ್ಯಾಂಪಿನ ಸುದ್ದಿಯನ್ನೇ ಹೇಳಲಿಲ್ಲ.

ನೀನು ಮುಂಬೈ ರೈಲು ಹತ್ತುವಾಗ ನಾನು ಅತ್ತದ್ದು ನೀನು ಹೋಗುತ್ತಿ ಅಂತ ಮಾತ್ರ ಅಲ್ಲ. ಆ ಗೀಟಿಗೆ. ಬಿಸಿ ಬೇಡ, ಬಿಸಿ ಬೇಡ ಅಂತ ಬರೆದದ್ದೂ ಅದಕ್ಕೇ. ಉಷ್ಣ ಅಲ್ಲ ಅಂತಾದರೆ ತಪ್ಪು ಪೂರ್ತಿ ನನ್ನದಾಗುತ್ತದಲ್ಲ.

ನನ್ನ ಮುಖ ನೋಡುವುದಿಲ್ಲ ಅಂದರೂ ಸರಿ. ಆದರೆ ನಿಜ ಬರೆ.

ಗಂಗಾ

ಅಣ್ಣನಿಗೂ ಎರಡು ಸಾಲು ಬರೆಯಲು ಹೇಳಿದೆ. ಅರ್ಧ ಗಂಟೆ ಪೆನ್ನು ಹಿಡಿದು ಕೂತು ಬರೆದದ್ದು ಇಷ್ಟು:
ಬೇಗ ಬಾ. ಬಟ್ಯ.


ಡೊಂಬಿವಲಿ
20 ಫೆಬ್ರವರಿ 2025

ನನ್ನ ಗಂಗಾ,

ಇವತ್ತು ಕೂತು ಬರೆಯುತ್ತಿದ್ದೇನೆ, ಅಕ್ಷರ ನೋಡು.

ಮಿಷನ್ ಹಾಳಾಗಿರಲಿಲ್ಲ. ಜನವರಿ ಇಪ್ಪತ್ತೊಂಬತ್ತರಂದು ಮೂರನೇ ಬಿಸಿ. ಅರ್ಧ ಗಂಟೆಗೆ ಎಡಗಡೆ ಸೊಂಟದ ಮಡಿಕೆಯಲ್ಲಿ ಕೆಂಡ ಇಟ್ಟ ಹಾಗಾಯಿತು. ಅಲ್ಲಿ ಥರ್ಮಾಮೀಟರ್ ಇರುವುದಿಲ್ಲ. ಮಡಿವಾಳಪ್ಪ ಕೇಳಿದರು, ನಾನು ‘ಬೆಚ್ಚ ಉಂಟು’ ಅಂದೆ. ಇನ್ನೊಮ್ಮೆ ಕೇಳಿದರು, ‘ತುಂಬಾ ಬೆಚ್ಚ ಉಂಟು’ ಅಂದೆ. ‘ಭಾಳ ಛಲೋ’ ಅಂದರು. ಎದ್ದಾಗ ಅಂಗೈ ಅಗಲದ ಬೊಬ್ಬೆ ಎದ್ದಿತ್ತು. ಬೊಬ್ಬೆ ಹಾಕಬೇಕಾದಲ್ಲಿ ಹಾಕದೆ ಇದ್ದದ್ದಕ್ಕೆ ಬೊಬ್ಬೆ ಬಂತು.

ಡಾಕ್ಟರಮ್ಮ ಸಿಟ್ಟಾದರು. ಅವರನ್ನು ನಾನು ಸಿಟ್ಟಾಗಿ ನೋಡಿದ್ದು ಅದೇ ಮೊದಲು. ‘ಮಿಷನ್ನಿಗೆ ಎಲ್ಲ ಕಡೆ ಕಣ್ಣಿಲ್ಲ, ನಿಮ್ಮ ಬಾಯಿಯೇ ಅದರ ಕಣ್ಣು. ಹೇಳುವುದಿಲ್ಲವಾದರೆ ಬಿಸಿ ನಿಲ್ಲಿಸುತ್ತೇನೆ’ ಅಂದರು. ಮುಂದಿನ ವಾರದ್ದು ನಿಲ್ಲಿಸಿಯೂ ಬಿಟ್ಟರು. ನಿಜ ಹೇಳಲಾ? ನನಗೆ ಸಂತೋಷವಾಯಿತು. ಸಾಕು, ಬರೇ ಕರೆಂಟು ಮುಗಿಸಿ ಮನೆಗೆ ಹೋಗಿ ನಿನ್ನ ಪಕ್ಕ ಮೊರ ಇಟ್ಟುಕೊಂಡು ಕೂರುತ್ತೇನೆ, ಎಷ್ಟು ದಿನವೋ ಅಷ್ಟು ದಿನ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ಆ ಓರೆ ಅಕ್ಷರದ ಕಾಗದ ಬರೆದದ್ದು ಅದೇ ದಿನಗಳಲ್ಲಿ.

ಎಂಟನೇ ತಾರೀಕಿಗೆ ನಿನ್ನ ಬೆಚ್ಚದ ಕಾಗದ ಬಂತು. ನೀನು ಹೇಳಿದ ಹಾಗೆ ಮಡಿವಾಳಪ್ಪನವರ ಕೈಗೇ ಕೊಟ್ಟೆ. ಅವರು ನಿಂತೇ ಓದಿದರು, ಓದುತ್ತಾ ಓದುತ್ತಾ ಕುರ್ಚಿಯಲ್ಲಿ ಕೂತರು. ‘ಅವ್ವಾ, ನೀವು ಸುಡ್ತೈತಿ ಅಂತ ಹೇಳೀರಿ, ನಾನು ಹಾಯ್ ಅನಸ್ತೈತಿ ಅಂತ ತಿಳ್ಕೊಂಡೆ. ಇಬ್ಬರೂ ಕನ್ನಡದಾಗಽ ಮಾತಾಡೀವಿ!’ ಅಂದವರ ಕಣ್ಣಲ್ಲಿ ನೀರು. ಗಂಡಸು ಅಳುವುದನ್ನು ನೋಡಿ ನನಗೂ ಅಳು ಬಂತು. ತೃಷಾ ಇಬ್ಬರಿಗೂ ಚಾ ತರಿಸಿದಳು. ಆ ಕಾಗದವನ್ನು ಅವರೇ ಡಾಕ್ಟರಮ್ಮನಿಗೆ ಓದಿ ಹೇಳಿ, ತಪ್ಪು ತಮ್ಮದು, ಇನ್ನೊಮ್ಮೆ ಅವಕಾಶ ಕೊಡಿ ಅಂತ ಕೇಳಿದರಂತೆ. ಬೊಬ್ಬೆ ಸ್ವಲ್ಪ ಒಣಗಿದ ಮೇಲೆ ಆ ಕಡೆ ತಣ್ಣೀರಿನ ಚೀಲ ಇಟ್ಟು ಹನ್ನೆರಡಕ್ಕೆ ನಾಲ್ಕನೆಯದು, ನಿನ್ನೆ ಐದನೆಯದು ಕೊಟ್ಟರು.

ಈಗ ಅವರ ಮೇಜಿನ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ. ‘ಬೆಚ್ಚ ಅಂದರೆ ಬಿಸಿ, ಕಡಿಮೆ ಮಾಡು. ಪೊತ್ತುಂಡು ಅಂದರೆ ಸುಟ್ಟಿತು, ಕೂಡಲೇ ನಿಲ್ಲಿಸು.’ ಧಾರವಾಡದ ಬಾಯಲ್ಲಿ ‘ಪೊತ್ತುಂಡ್ರೇನ್ರಿ’ ಅಂತ ಕೇಳಿದರೆ ನಗದೆ ಮಲಗುವುದು ಹೇಗೆ? ನಾಲ್ಕನೇ ಸಲ ಕಾಲುಗಂಟೆಗೇ ನಾನು ‘ಪೊತ್ತುಂಡು!’ ಅಂತ ಕಿರುಚಿದೆ. ಅಷ್ಟು ದೊಡ್ಡದಾಗಿ ನಾನು ಹೆರಿಗೆಯಲ್ಲೂ ಕಿರುಚಿರಲಿಲ್ಲ. ಹೊರಗೆ ಕೂತಿದ್ದ ಮೋಕ್ಷಿತಾ ಓಡಿ ಬಂದಳು. ನಿಜವಾಗಿ ಅಷ್ಟೇನೂ ಆಗಿರಲಿಲ್ಲ, ಧೈರ್ಯ ನೋಡಲು ಕಿರುಚಿದ್ದು. ಅವರು ನಿಲ್ಲಿಸಿ, ಸರಿ ಮಾಡಿ, ಮತ್ತೆ ಶುರು ಮಾಡಿದರು. ನನಗೆ ಐವತ್ತಾರು ವರ್ಷ. ನೋಯುತ್ತದೆ ಅಂದ ಕೂಡಲೇ ಒಬ್ಬರು ಕೈಯಲ್ಲಿದ್ದ ಕೆಲಸ ನಿಲ್ಲಿಸಿದ್ದು ನನ್ನ ಆಯುಷ್ಯದಲ್ಲಿ ಇದೇ ಮೊದಲು.

ಇನ್ನು ನಿನ್ನ ಗೀಟಿನ ವಿಷಯ. ಓದಿ ನನಗೆ ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ದಿನ ಇಡೀ ಬಂತು. ಆಮೇಲೆ ನನ್ನದೇ ನೆನಪಾಯಿತು. ಬಾವಿಕಟ್ಟೆಯಲ್ಲಿ ನಿನ್ನ ಹತ್ತಿರ ‘ಎರಡು ಸಲ’ ಅಂದೆನಲ್ಲ, ಅದು ಎರಡು ಸಲ ಅಲ್ಲ ಗಂಗಾ. ಎಂಟು ತಿಂಗಳಿಂದ ಇತ್ತು. ವಾರಕ್ಕೆರಡು ಸಲ. ಹಳೆ ಸೀರೆ ಹರಿದು ಹರಿದು ಮುಗಿದಿತ್ತು. ನಿನಗೆ ಅರ್ಧದ ಅರ್ಧ ಹೇಳಿ ನೀನು ಉಷ್ಣ ಅನ್ನಲಿ ಅಂತಲೇ ಕಾದದ್ದು. ನೀನು ಅಂದೆ, ನನಗೆ ನಿದ್ದೆ ಬಂತು. ನೀನು ಪಟ್ಟಿಯಲ್ಲಿ ಗೀಟು ಹಾಕಿಸಿದೆ, ನಾನು ಅದಕ್ಕೂ ಮೊದಲೇ ಬಾಯಿಗೆ ಹಾಕಿಕೊಂಡಿದ್ದೆ. ಮುಖ ನೋಡುವುದಿಲ್ಲ ಅನ್ನಲು ನನಗೇನು ಬೇರೆ ಗಂಗಾ ಇದ್ದಾಳಾ?

ಒಂದು ಮಾತು ಕೇಳುತ್ತೇನೆ. ಜನವರಿಯ ಕಾಗದದಲ್ಲಿ ‘ನನಗೂ ಆಗಾಗ ಸ್ವಲ್ಪ ಉಷ್ಣ’ ಅಂತ ಬರೆದಿದ್ದಿ. ಅದನ್ನು ನಾನು ಮೂರು ಸಲ ಓದಿದೆ. ಎಂತದು ಸ್ವಲ್ಪ? ಎಷ್ಟು ಸಮಯದಿಂದ? ಪಟ್ಟಿಯಲ್ಲಿ ಎರಡು ಹೆಸರಿತ್ತು ಅಂತ ನೀನೇ ಬರೆದದ್ದು.

ಉತ್ತರ ಬೇಡ. ಪರೀಕ್ಷೆಗೆ ಹೋಗು. ಹೋಗಿ ಬಂದು ಬರೆ.

ಬಟ್ಯ ಅವರ ಕಾಗದ ತಲೆದಿಂಬಿನ ಕೆಳಗೆ ಉಂಟು ಅಂತ ಹೇಳು. ಬೇಡ, ಹೇಳಬೇಡ. ಗರ್ವ ಬರುತ್ತದೆ.

ನಿನ್ನ ಅತ್ತಿಗೆ
ಲೋಲಾಕ್ಷಿ


ಡೊಂಬಿವಲಿ
21 ಮಾರ್ಚ್ 2025

ಗಂಗಾ,

ಒಂದು ತಿಂಗಳಾಯಿತು, ನಿನ್ನದೊಂದು ಸಾಲು ಇಲ್ಲ. ಫೋನು ಮಾಡಿದರೆ ‘ಎಂತ ಇಲ್ಲ ಅತ್ತಿಗೆ, ಪುನರ್ಪುಳಿ ಹಣ್ಣಾಗುವ ಸಮಯ, ಕೆಲಸ’ ಅನ್ನುತ್ತಿ. ಕೋಪವಾ? ಎಂಟು ತಿಂಗಳು ಮುಚ್ಚಿಟ್ಟದ್ದಕ್ಕಾ? ನಾನು ಕಾಗದದಲ್ಲಿ ನಿನ್ನನ್ನು ಜೋರು ಮಾಡಿದ್ದು ಹೆಚ್ಚಾಯಿತಾ?

ಇಪ್ಪತ್ತೈದು ದಿನ ಆದ ಮೇಲೆ ಒಳಗಿನಿಂದ ಕೊಡುವ ಕರೆಂಟು ಅಂತ ಇನ್ನೊಂದು ಇತ್ತು, ಅದೂ ಮುಗಿಯಿತು. ಮಡಿವಾಳಪ್ಪ ಒಂದು ಪೊಟ್ಟಣ ಪೇಢಾ ಕೊಟ್ಟು ಕಳಿಸಿದರು. ಇನ್ನು ಜೂನಿನಲ್ಲಿ ಸ್ಕ್ಯಾನ್. ಅಲ್ಲಿಯವರೆಗೆ ಗಡ್ಡೆ ಹೋಗಿದೆಯೋ ಉಂಟೋ ಯಾರಿಗೂ ಹೇಳಲು ಬರುವುದಿಲ್ಲ. ಬಿಸಿಯ ಒಂದು ಗಂಟೆಗಿಂತ ಈ ಕಾಯುವುದು ಕಷ್ಟ. ಇದಕ್ಕೆ ‘ಪೊತ್ತುಂಡು’ ಅಂದರೂ ನಿಲ್ಲಿಸುವವರಿಲ್ಲ. ನೀನಾದರೂ ಬರೆ.

ಲೋಲಾಕ್ಷಿ


ಬಂದ್ಯೋಡು
3 ಏಪ್ರಿಲ್ 2025

ಪ್ರೀತಿಯ ಅತ್ತಿಗೆ,

ಕೋಪ ಅಲ್ಲ. ಹೋಗಿ ಬಂದು ಬರೆ ಅಂದದ್ದು ನೀನೇ. ಹೋಗಿ ಬರಲು ಇಷ್ಟು ದಿನ ಬೇಕಾಯಿತು.

ನಿನ್ನ ಕಾಗದ ಬಂದು ಮೂರು ದಿನ ಅದನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೆ. ನಾಲ್ಕನೇ ದಿನ ಅಶ್ವಿತನ ಹತ್ತಿರ ಕಾಸರಗೋಡಿನಲ್ಲಿ ಕೆಲಸ ಉಂಟು ಅಂತ ಸುಳ್ಳು ಹೇಳಿ ಬಸ್ಸು ಹತ್ತಿದೆ. ಆಸ್ಪತ್ರೆಯ ನರ್ಸ್ ಮಲಯಾಳದಲ್ಲಿ ಕೇಳಿದಳು, ‘ಚೇಚಿ, ಎಂದೆಂಗಿಲುಂ ಬುದ್ಧಿಮುಟ್ಟುಂಡೋ?’ ಏನಾದರೂ ತೊಂದರೆ ಉಂಟಾ ಅಂತ. ನನಗೆ ಮುಟ್ಟು ನಿಂತು ಆರು ವರ್ಷವಾಯಿತು, ಬುದ್ಧಿಮುಟ್ಟು ಈಗ ಶುರುವಾದದ್ದು ಅಂತ ಒಳಗೊಳಗೇ ನಗು ಬಂತು. ಬಾಯಿ ಅಭ್ಯಾಸದಂತೆ ‘ಎಂತ ಇಲ್ಲ’ ಅನ್ನಲು ತೆರೆದೇ ಬಿಟ್ಟಿತು. ಆಗ ನೀನು ಧೈರ್ಯ ನೋಡಲು ಕಿರುಚಿದ್ದು ನೆನಪಾಯಿತು. ‘ಉಂಡು’ ಅಂದೆ, ಉಂಟು ಅಂತ. ತುಳುವಿನಲ್ಲಿ ಅಂದೆನೋ ಮಲಯಾಳದಲ್ಲಿ ಅಂದೆನೋ ಗೊತ್ತಿಲ್ಲ, ಎರಡರಲ್ಲೂ ಒಂದೇ. ಒಮ್ಮೆ ಅಂದ ಮೇಲೆ ಎಲ್ಲ ಹೇಳಿದೆ. ಒಂದೂವರೆ ವರ್ಷದಿಂದ ಆಗಾಗ ಕಾಣುತ್ತದೆ ಅಂತ. ಲೆಕ್ಕದಲ್ಲಿ ಅರ್ಧದ ಅರ್ಧ ಮಾಡಲಿಲ್ಲ.

ಪರೀಕ್ಷೆ ಮಾಡಿದರು, ಚೂರು ತೆಗೆದು ಕಳಿಸಿದರು. ಹನ್ನೆರಡು ದಿನ ಕಾದೆ. ಆ ಹನ್ನೆರಡು ದಿನ ನಿನಗೆ ಬರೆಯಲು ಕೂತರೆ ‘ಇಲ್ಲಿ ಎಲ್ಲರೂ ಕ್ಷೇಮ’ ಅಂತಲೇ ಬರುತ್ತಿತ್ತು, ಹರಿದು ಹಾಕಿದೆ. ಕ್ಯಾನ್ಸರ್ ಅಲ್ಲ ಅತ್ತಿಗೆ. ಹಾಗೇ ಬಿಟ್ಟಿದ್ದರೆ ಮುಂದೆ ಆಗಬಹುದಾದದ್ದು. ಕಳೆದ ವಾರ ಆ ಭಾಗವನ್ನು ತೆಗೆದರು. ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬಂದೆ. ಅಣ್ಣ ಕರೆದುಕೊಂಡು ಹೋದದ್ದು. ಅವರಿಗೆ ಹೇಳಿದೆ, ಹೌದು, ನಾನೇ ಹೇಳಿದೆ. ಮನೆಗೆ ಬಂದು ಗಂಜಿ ಮಾಡಿ ಕೊಟ್ಟರು. ಈ ಸಲ ಅಡಿ ಹಿಡಿದಿರಲಿಲ್ಲ.

ಆಶಾ ವರ್ಕರ್ ಮೊನ್ನೆ ಪುನಃ ಪಟ್ಟಿ ತಂದಳು. ನಾನು ಅವಳ ಜೊತೆ ಏಳು ಮನೆಗೆ ಹೋದೆ. ಎಲ್ಲ ಕಡೆ ಹೆಂಗಸರು ‘ಎಂತ ಇಲ್ಲ ಗಂಗಕ್ಕಾ, ಸ್ವಲ್ಪ ಉಷ್ಣ’ ಅಂದರು. ನಾನು ಕೂತುಬಿಟ್ಟೆ. ಚಾ ಬರುವವರೆಗೂ ಏಳಲಿಲ್ಲ, ಬಂದ ಮೇಲೂ ಏಳಲಿಲ್ಲ.

ನೀನು ನನ್ನನ್ನು ಅಲ್ಲಿಂದಲೇ ಉಳಿಸಿದೆ. ಈಗ ನೀನು ಉಳಿಯಬೇಕು. ನನಗೆ ಬೇರೆ ಪ್ರಾರ್ಥನೆ ಇಲ್ಲ.

ನಿನ್ನ
ಗಂಗಾ


ಡೊಂಬಿವಲಿ
10 ಜೂನ್ 2025

ಗಂಗಾ,

ಇದು ಮುಟ್ಟುವ ಮೊದಲು ನಿನಗೆ ಫೋನಿನಲ್ಲಿ ಗೊತ್ತಾಗಿರುತ್ತದೆ, ಮೋಕ್ಷಿತಾ ತಡೆದುಕೊಳ್ಳುವವಳಲ್ಲ. ಆದರೂ ಬರೆಯುತ್ತೇನೆ. ಇಂಥದ್ದು ಕೈಯಲ್ಲಿ ಬರೆದದ್ದು ಒಂದಾದರೂ ಇರಬೇಕು, ಕುಂಞನಿಗೂ ಒಂದು ಚಾ ಸಿಗಲಿ.

ಸ್ಕ್ಯಾನಿನಲ್ಲಿ ಗಡ್ಡೆ ಕಾಣುವುದಿಲ್ಲ. ಡಾಕ್ಟರಮ್ಮ ಪಟವನ್ನು ಎರಡು ಸಲ ನೋಡಿ ಹೇಳಿದರು. ಕಿಡ್ನಿಯ ನಾಳವೂ ಬಿಟ್ಟುಕೊಂಡಿದೆ. ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಎರಡು ವರ್ಷ ದಾಟುವವರೆಗೆ ಗೆದ್ದೆ ಅನ್ನುವ ಹಾಗಿಲ್ಲ. ಅನ್ನುವುದಿಲ್ಲ. ಆದರೆ ಇವತ್ತು ಇಲ್ಲ ಅಂದರೆ ಇಲ್ಲ. ಜೀವಮಾನದಲ್ಲಿ ಮೊದಲ ಸಲ ‘ಎಂತ ಇಲ್ಲ’ ಅನ್ನುವುದು ನಿಜವಾಯಿತು ನೋಡು.

ಮಡಿವಾಳಪ್ಪನವರಿಗೆ ಹೇಳಲು ಹೋದೆ. ಚೀಟಿ ಇನ್ನೂ ಮೇಜಿನ ಮೇಲೆಯೇ ಉಂಟು. ಅದರ ಕೆಳಗೆ ಮರಾಠಿಯದ್ದು, ಗುಜರಾತಿಯದ್ದು, ಭೋಜಪುರಿಯದ್ದು ಅಂತ ಬೇರೆ ಬೇರೆ ಶಬ್ದ ಬರೆದುಕೊಂಡಿದ್ದಾರೆ. ಬಂದವರ ಹತ್ತಿರ ಮೊದಲು ಅದನ್ನೇ ಕೇಳುವುದಂತೆ, ನಿಮ್ಮ ಮನೆಯಲ್ಲಿ ಸುಟ್ಟರೆ ಎಂತ ಅನ್ನುತ್ತೀರಿ ಅಂತ. ಎಲ್ಲಕ್ಕಿಂತ ಮೇಲೆ ನಮ್ಮದು.

ಮುಂದಿನ ಬುಧವಾರ ನೇತ್ರಾವತಿಯಲ್ಲಿ ಹೊರಡುತ್ತೇನೆ, ಗುರುವಾರ ಕಾಸರಗೋಡು. ನಿನ್ನ ಅಣ್ಣ ಸ್ಟೇಷನ್ನಿಗೆ ಬರಲಿ, ಬೇಗ ಬಾ ಅಂದವರು ಅವರೇ. ನೀನು ಮನೆಯಲ್ಲೇ ಇದ್ದು ಹಂಡೆಗೆ ಬೆಂಕಿ ಹಾಕು. ಆರು ತಿಂಗಳಿಂದ ಬಕೆಟಿನಲ್ಲಿ ಮಿಂದು ಮಿಂದು ಸಾಕಾಗಿದೆ, ಬೆನ್ನಿಗೆ ನೀನೇ ನೀರು ಹೊಯ್ಯಬೇಕು. ಸೊಂಟದ ಕಲೆ ನೋಡಿ ಅಳಬೇಡ.

ನೀರು ಬೆಚ್ಚ ಇರಲಿ. ನಮ್ಮ ಬೆಚ್ಚ ಅಲ್ಲ ಮಾರಾಯ್ತಿ, ಅವರ ಬೆಚ್ಚ.

ನಿನ್ನ
ಲೋಲಾಕ್ಷಿ